ಕಣ್ಣು ಎಂಬಲ್ಲಿ ಮಗು ಯಾಕೆ ನಿಲ್ಲುತ್ತದೆ?

ಹೊಸನಗರ ಎಂಬ ಪದವನ್ನು ಎರಡನೇ ತರಗತಿಯ ಮಗು ಓದಿಬಿಡುತ್ತದೆ. ಐದು ಅಕ್ಷರ. ಒಂದೊಂದರ ಮೇಲೂ ಬೆರಳಿಟ್ಟು ಹೊ, ಸ, ನ, ಗ, ರ ಎಂದು ಹೇಳಿ, ಆಮೇಲೆ ಒಂದೇ ಉಸಿರಿಗೆ ಹೊಸನಗರ ಎನ್ನುತ್ತದೆ. ಅದೇ ಮಗು ಕಣ್ಣು ಎಂಬ ಎರಡಕ್ಷರದ ಮುಂದೆ ನಿಂತುಬಿಡುತ್ತದೆ. "ಕ..." ಎಂದು ಶುರು ಮಾಡಿ ಮುಂದಿನ ಅಕ್ಷರ ನೋಡುತ್ತದೆ, ಅದರ ಕೆಳಗಿನ ಒತ್ತು ನೋಡುತ್ತದೆ, ಪಕ್ಕದ ಕೊಂಬು ನೋಡುತ್ತದೆ, ಕೊನೆಗೆ ನಮ್ಮ ಮುಖ ನೋಡುತ್ತದೆ. ಮಾತು ಬಂದ ದಿನದಿಂದ ಬಾಯಲ್ಲಿರುವ ಪದ ಅದು. ಕಾಗದದ ಮೇಲೆ ಕಂಡಾಗ ಗುರುತು ಹತ್ತುವುದಿಲ್ಲ.

ಅಕ್ಕನ ಮಗಳು ಪುಟ್ಟಿ ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಕನ್ನಡ ಅವಳಿಗೆ ದ್ವಿತೀಯ ಭಾಷೆ. ರಜೆಗೆ ಸಾಗರಕ್ಕೆ ಬಂದಾಗ ಅವಳ ಪಕ್ಕ ಕೂತು ಕನ್ನಡ ಓದಿಸುವುದು ನನ್ನ ಪಾಲಿಗೆ ಬಂತು. ಅವಳು ಕಣ್ಣು ಎಂಬುದನ್ನು "ಕಣುಣು" ಎಂದಳು. ಶಕ್ತಿ ಎಂಬುದನ್ನು "ಶಕಿತ" ಎಂದಳು. ಓದಿ ಮುಗಿಸಿ, "ಹಾಗಂದ್ರೆ ಏನು ಚಿಕ್ಕಿ?" ಎಂದು ಕೇಳಿದಳು. ನನಗೆ ಮುಖ್ಯವಾಗಿ ಕಂಡದ್ದು ಆ ಪ್ರಶ್ನೆ. ಶಕಿತ ಎಂಬ ಪದ ಕನ್ನಡದಲ್ಲಿಲ್ಲ ಎಂದು ಅವಳ ಕಿವಿಗೆ ಗೊತ್ತಿತ್ತು. ಆದರೆ ಕಣ್ಣು ಹೇಳಿದ್ದನ್ನು ಅವಳು ನಂಬಿದ್ದಳು.

ಶಕ್ತಿಯನ್ನು ಶಕಿತ ಎಂದು ಓದುವುದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಆ ಅಕ್ಷರವನ್ನು ಒಮ್ಮೆ ಸರಿಯಾಗಿ ನೋಡಿ. ಗುಡಿಸು ಇರುವುದು ಕ ಮೇಲೆ. ತ ಇರುವುದು ಕೆಳಗೆ, ಅದಕ್ಕೆ ಸ್ವರಚಿಹ್ನೆ ಏನೂ ಇಲ್ಲ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದಿದರೆ ಮೊದಲು ಕಿ, ಆಮೇಲೆ ತ. ಆದರೆ ಬಾಯಲ್ಲಿ ಬರುವ ಕ್ರಮ ಬೇರೆ: ಕ್, ತ್, ಇ. ಮೇಲೆ ಕೂತ ಸ್ವರ ಕೆಳಗಿರುವ ವ್ಯಂಜನಕ್ಕೆ ಸೇರಿದ್ದು. ನಾವು ದೊಡ್ಡವರು ಇದನ್ನು ಎಂದೋ ಕಲಿತು, ಕಲಿತದ್ದನ್ನೂ ಮರೆತಿದ್ದೇವೆ. ಹಾಗಾಗಿ "ಇಷ್ಟು ಸುಲಭದ್ದು ಬರಲ್ವಾ?" ಎಂದು ಕೇಳಿಬಿಡುತ್ತೇವೆ.

ನಮ್ಮ ಮಕ್ಕಳು ಓದು ಕಲಿಯುವ ದಾರಿಯಲ್ಲೇ ಈ ತೊಡಕಿನ ಮೂಲ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಹೋಗದೆ ರ, ಗ, ಸ, ದ, ಅ ಎಂದು ಶುರು ಮಾಡುತ್ತಾರೆ. ನನಗೆ ಬಹಳ ಹಿಡಿಸಿದ ಕ್ರಮ ಅದು. ಐದೇ ಅಕ್ಷರ ಬಂದ ಕೂಡಲೇ ಸರ, ಅರಸ, ಅಗಸ, ಗರಗಸ ಎಂದು ನಿಜವಾದ ಪದಗಳನ್ನು ಓದಬಹುದು. ಈ ಪದಗಳಲ್ಲಿ ಬರೆದ ಒಂದು ಅಕ್ಷರವೆಂದರೆ ಬಾಯಿ ಆಡುವ ಒಂದು ತುಣುಕು, ಇಂಗ್ಲಿಷಿನವರು ಸಿಲಬಲ್ ಎನ್ನುವಂಥದ್ದು. ಗ-ರ-ಗ-ಸ: ನಾಲ್ಕು ಅಕ್ಷರ, ನಾಲ್ಕು ತುಣುಕು, ಗಡಿಗಳೂ ಒಂದೇ ಕಡೆ. ಕಾಗುಣಿತ ಬಂದಾಗಲೂ ಇದು ಮುರಿಯುವುದಿಲ್ಲ. ಸಾ-ಗ-ರ, ಸೊ-ರ-ಬ, ಶಿ-ರ-ಸಿ. ಹೀಗೆ ತಿಂಗಳುಗಟ್ಟಲೆ ಓದಿದ ಮೇಲೆ ಮಗುವಿನ ಮನಸ್ಸಿನಲ್ಲಿ ಒಂದು ನಂಬಿಕೆ ಗಟ್ಟಿಯಾಗುತ್ತದೆ: ಒಂದು ಅಕ್ಷರ ಕಂಡರೆ ಅದನ್ನು ಪೂರ್ತಿ ಹೇಳಬೇಕು, ನಿಲ್ಲಬೇಕು, ಮುಂದಕ್ಕೆ ಹೋಗಬೇಕು. ಒತ್ತಕ್ಷರ ಬರುವುದು ಇದೆಲ್ಲ ಆದ ಮೇಲೆ, ಕೊನೆಯಲ್ಲಿ. ಬಂದ ಕೂಡಲೇ ಆ ನಂಬಿಕೆಯನ್ನು ಸುಳ್ಳು ಮಾಡುತ್ತದೆ.

ಕನ್ನಡದ ಮಕ್ಕಳು ಅಕ್ಷರ ಕಲಿಯುವುದಕ್ಕೆ ಹೆಚ್ಚು ಕಾಲ ತೆಗೆದುಕೊಳ್ಳುತ್ತಾರೆ ಎಂಬುದು ಅಧ್ಯಯನಗಳಲ್ಲೂ ಕಂಡದ್ದೇ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಓದುವ ಮಕ್ಕಳನ್ನು ಕುರಿತದ್ದು. ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂದು ಅವರು ತೋರಿಸಿದರು. ಪದವನ್ನು ತುಣುಕಾಗಿ ಕೇಳಿಸಿಕೊಳ್ಳುವ ಶಕ್ತಿ ಈ ಮಕ್ಕಳಿಗೆ ಬೇಗ ಬರುತ್ತದೆ, ಕ್, ಣ್ ಎಂಬ ಬಿಡಿ ಧ್ವನಿಗಳನ್ನು ಬೇರ್ಪಡಿಸಿ ಕೇಳುವುದು ನಿಧಾನವಾಗಿ ಬರುತ್ತದೆ ಎಂದೂ ಅದರಲ್ಲಿದೆ. ನಮ್ಮಲ್ಲಿ ವರ್ಣಮಾಲೆಯ ಅಕ್ಷರ 49 ಇರಬಹುದು. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ಕಣ್ಣಿಗೆ ಕಾಣುವ ರೂಪಗಳು ನಾನೂರು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಇಂಗ್ಲಿಷಿನ 26 ಅಕ್ಷರ ಮುಗಿಸಿದ ಮಗುವಿಗೆ ಕನ್ನಡ ಯಾಕೆ ಇನ್ನೂ ಬಂದಿಲ್ಲ ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಇಷ್ಟನ್ನಾದರೂ ಹೇಳಬೇಕು ಅನ್ನಿಸುತ್ತದೆ.

ಇನ್ನು ಬಾಯಿ ಏನು ಮಾಡುತ್ತದೆ, ನೋಡೋಣ.

ಕಣ್ಣಾಮುಚ್ಚಾಲೆ ಆಡುವಾಗ ಮಕ್ಕಳು ಕೂಗುವುದನ್ನು ಕೇಳಿ. ಕಣ್ಣೇ ಮುಚ್ಚೇ ಕಾಡೇ ಗೂಡೇ. ಕೈ ತಟ್ಟುತ್ತ ಹೇಳಿದರೆ ತಟ್ಟು ಎಲ್ಲಿ ಬೀಳುತ್ತದೆ? ಕಣ್-ಣೇ, ಮುಚ್-ಚೇ, ಕಾ-ಡೇ, ಗೂ-ಡೇ. ಯಾವ ಮಗುವೂ ಕ-ಣ್ಣೇ ಎಂದು ತಟ್ಟುವುದಿಲ್ಲ. ಇನ್ನೂ ಒಂದು ಗಮನಿಸಿ: ಕಣ್ ಹೇಳಲು ಹಿಡಿಯುವ ಹೊತ್ತು, ಕಾ ಹೇಳಲು ಹಿಡಿಯುವ ಹೊತ್ತು ತಾಳದಲ್ಲಿ ಸಮ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗ "ಒತ್ತಕ್ಷರದ ಹಿಂದಿನ ಅಕ್ಷರ ಗುರು" ಎಂದು ಉರು ಹೊಡೆದದ್ದು ನೆನಪಿರಬಹುದು. ಅಂಕಕ್ಕಾಗಿ ಕಲಿತು ಬಿಟ್ಟ ಆ ಸೂತ್ರ ಹೇಳುವುದು ಇದನ್ನೇ. ಒತ್ತಕ್ಷರದ ಮೊದಲ ಅರ್ಧ ಹಿಂದಿನ ಅಕ್ಷರಕ್ಕೆ ಹೋಗಿ ಆತುಕೊಳ್ಳುತ್ತದೆ, ಆದ್ದರಿಂದ ಅದು ಭಾರವಾಗುತ್ತದೆ. ಸಾವಿರ ವರ್ಷದ ಹಿಂದೆ ನಾಗವರ್ಮ ಕನ್ನಡಕ್ಕೆ ಛಂದಸ್ಸಿನ ಶಾಸ್ತ್ರ ಬರೆಯುವ ಹೊತ್ತಿಗೇ ಇಲ್ಲಿನ ಕವಿಗಳ ಕಿವಿಗೆ ಇದು ಸ್ಪಷ್ಟವಿತ್ತು. ಆಟವಾಡುವ ಮಕ್ಕಳ ಕಿವಿಗೆ ಇವತ್ತಿಗೂ ಸ್ಪಷ್ಟವಿದೆ. ಎರಡನೇ ತರಗತಿಯಲ್ಲಿ ಓದಿಸುವಾಗ ಮಾತ್ರ ನಾವು ಅದನ್ನು ಬಳಸುವುದಿಲ್ಲ. ಛಂದಸ್ಸಿನ ಈ ಒಂದು ಮಾತು ಹೈಸ್ಕೂಲಿನವರೆಗೆ ಕಾಯಬಾರದು, ಸೂತ್ರವಾಗಿ ಅಲ್ಲದಿದ್ದರೂ ಚಪ್ಪಾಳೆಯಾಗಿ ಮೊದಲೇ ಬರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪುಟ್ಟಿಯ ಜೊತೆ ನಾನು ಒತ್ತಕ್ಷರದಿಂದ ಶುರು ಮಾಡಲಿಲ್ಲ, ಸೊನ್ನೆಯಿಂದ, ಅಂದರೆ ಅನುಸ್ವಾರದಿಂದ, ಶುರು ಮಾಡಿದೆ. ಮಗ, ಮಂಗ. ಕದ, ಕಂದ. ಅದು, ಅಂದು. ಮಂಗ ಎಂಬುದನ್ನು ಕೈ ತಟ್ಟಿ ಹೇಳಿದರೆ ಮಂ-ಗ. ಪುಸ್ತಕದಲ್ಲೂ ಸೊನ್ನೆ ಮ ಪಕ್ಕದಲ್ಲೇ ಕೂತಿದೆ. ಬಾಯಿ ಒಡೆಯುವ ಜಾಗ, ಬರಹ ಒಡೆಯುವ ಜಾಗ ಎರಡೂ ಒಂದೇ. ಒಂದು ತುಣುಕು ವ್ಯಂಜನದಲ್ಲಿ ಮುಚ್ಚಿಕೊಳ್ಳಬಹುದು ಎಂಬುದನ್ನು ಮಗುವಿಗೆ ತೋರಿಸಲು ನಮ್ಮ ಲಿಪಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿಂದ ಅಮ್ಮ, ತಮ್ಮಕ್ಕೆ ಒಂದೇ ಹೆಜ್ಜೆ. ಹಳೆಯ ಶಾಸನಗಳಲ್ಲಿ, ಓಲೆಗರಿಗಳಲ್ಲಿ ತಮ್ಮ ಎಂಬುದನ್ನು ತಂಮ ಎಂದೂ ನಮ್ಮ ಎಂಬುದನ್ನು ನಂಮ ಎಂದೂ ಬರೆದದ್ದು ಬೇಕಾದಷ್ಟು ಸಿಗುತ್ತದೆ. ಪುಟ್ಟಿಗೆ ತಂಮ ಎಂದು ಬರೆದು ತೋರಿಸಿದೆ, ತಡವರಿಸದೆ ಓದಿದಳು. ಪಕ್ಕದಲ್ಲಿ ತಮ್ಮ ಎಂದು ಬರೆದೆ. "ಎರಡೂ ಒಂದೇನಾ?" ಎಂದಳು. ಹೌದು, ಸೊನ್ನೆ ಇದ್ದ ಕಡೆ ಈಗ ಮ್ ಇದೆ ಅಷ್ಟೇ.

ಆಮೇಲೆ ಜೋಡಿ ಪದಗಳು. ಕತೆ, ಕತ್ತೆ. ಹಳಿ, ಹಳ್ಳಿ. ಬಳಿ, ಬಳ್ಳಿ. ಇವುಗಳ ಜೊತೆಗೆ ದೀರ್ಘದ ಜೋಡಿಗಳು: ಕಾಲು, ಕಲ್ಲು, ಹಾಲು, ಹಲ್ಲು. ಕಾಲು ಎನ್ನುವಾಗ ಬಾಯಿ ತೆರೆದೇ ಇದ್ದು ಸ್ವರ ಎಳೆಯುತ್ತದೆ. ಕಲ್ಲು ಎನ್ನುವಾಗ ನಾಲಿಗೆ ಮೇಲಕ್ಕೆ ಹೋಗಿ ಅಂಗುಳಕ್ಕೆ ತಾಗಿ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಆ ನಿಲುಗಡೆಯೇ ಒತ್ತು. ಇದನ್ನು ವಿವರಿಸಿ ಹೇಳುವುದಕ್ಕಿಂತ ಮಗುವಿಗೆ ತನ್ನ ನಾಲಿಗೆಯನ್ನೇ ಗಮನಿಸಲು ಬಿಡುವುದು ವಾಸಿ. ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಪದ ಹೇಳಿದರೆ ಪ್ರತಿ ಸ್ವರಕ್ಕೂ ಗದ್ದ ಒಂದು ಸಲ ಕೆಳಗಿಳಿಯುವುದು ಗೊತ್ತಾಗುತ್ತದೆ. ಎಷ್ಟು ಸಲ ಇಳಿಯಿತೋ ಅಷ್ಟು ತುಣುಕು.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಮೊಬೈಲಿನ ಕನ್ನಡ ಕೀಲಿಮಣೆ. ಕಣ್ಣು ಎಂದು ಟೈಪ್ ಮಾಡಲು ಕ, ಣ ಒತ್ತಿ, ಆಮೇಲೆ ಅರ್ಧಾಕ್ಷರದ ಕೀಲಿ ಒತ್ತಬೇಕು. ಆಗ ಪರದೆಯ ಮೇಲೆ ಕಣ್ ಎಂದು ಕಾಣುತ್ತದೆ. ಅಲ್ಲಿ ನಿಲ್ಲಿಸಿ "ಓದು" ಎಂದೆ. "ಕಣ್." ಮತ್ತೆ ಣ ಒತ್ತಿದ ಕೂಡಲೇ ಅದು ಕೆಳಗಿಳಿದು ಒತ್ತಾಯಿತು, ಕೊಂಬು ಸೇರಿಸಿದಾಗ ಕಣ್ಣು ಆಯಿತು. ಪುಸ್ತಕದಲ್ಲಿ ಒಮ್ಮೆಗೇ ಕಾಣುವ ಗಂಟು ಇಲ್ಲಿ ಬಾಯಿ ಹೇಳುವ ಕ್ರಮದಲ್ಲೇ ಕಟ್ಟಿಕೊಳ್ಳುತ್ತ ಹೋಗುತ್ತದೆ. ಶಕ್ತಿಯನ್ನೂ ಹಾಗೇ ಮಾಡಿ ನೋಡಿದೆವು: ಶಕ್, ಶಕ್ತ, ಶಕ್ತಿ. ತ ಬಂದ ಮೇಲೆ ಗುಡಿಸು ಒತ್ತಿದರೂ ಅದು ಹೋಗಿ ಕ ಮೇಲೆ ಕೂರುವುದನ್ನು ಅವಳು ಕಣ್ಣಾರೆ ಕಂಡಳು. ಶಕಿತ ಎಂದು ಓದುವುದು ಅವತ್ತಿನಿಂದ ಕಡಿಮೆಯಾಯಿತು. ಮಕ್ಕಳ ಕೈಗೆ ಮೊಬೈಲ್ ಕೊಡುವುದರ ಬಗ್ಗೆ ನನಗೆ ಹಿಂಜರಿಕೆ ಇದ್ದೇ ಇದೆ. ಆದರೂ ಈ ಒಂದು ಕೆಲಸಕ್ಕೆ, ಪಕ್ಕದಲ್ಲಿ ಕೂತು, ಕೊಡಬಹುದು.

ಓದಲು ಪಠ್ಯವೇ ಬೇಕೆಂದಿಲ್ಲ. ಸಾಗರದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಶಿವಮೊಗ್ಗ, ಸಿದ್ದಾಪುರ, ಚಿಕ್ಕಮಗಳೂರು, ಕುಂದಾಪುರ, ಭದ್ರಾವತಿ, ತೀರ್ಥಹಳ್ಳಿ. ಬೋರ್ಡಿನ ಅಕ್ಷರ ದೊಡ್ಡದು, ಹೆಸರು ಕೇಳಿ ಗೊತ್ತಿರುವಂಥದ್ದು, ಬಸ್ಸು ಹೊರಡುವ ಮೊದಲು ಓದಿ ಮುಗಿಸಬೇಕೆಂಬ ಆತುರವೂ ಜೊತೆಗೆ. ಶಿ-ವ-ಮೊಗ್-ಗ ಬೇಗ ಬಂತು. ತೀರ್ಥಹಳ್ಳಿಯಲ್ಲಿ ತಡೆಯಿತು. ಅರ್ಕಾವೊತ್ತಿನ ವಿಚಾರವೇ ಬೇರೆ. ಬರೆಯುವುದು ಥ ಆದ ಮೇಲೆ, ಹೇಳುವುದು ಥಕ್ಕಿಂತ ಮೊದಲು. ಮಗು "ತೀಥರ" ಎಂದರೆ ಅದು ಕಂಡ ಕ್ರಮದಲ್ಲೇ ಓದಿದೆ ಎಂದರ್ಥ. ಪುಟ್ಟಿಗೆ ನಾನು ಹೇಳಿದ್ದು ಇಷ್ಟೇ: ಈ ಚಿಹ್ನೆ ಕಂಡರೆ ಹಿಂದಿನ ಅಕ್ಷರಕ್ಕೆ ಓಡಿಸಿಬಿಡು. ತೀರ್-ಥ-ಹಳ್-ಳಿ. ಬಸ್ಸಿನ ಮೈಮೇಲೂ ಸಾಲು ಸಾಲು ಇತ್ತು: ಕರ್-ನಾ-ಟ-ಕ, ರಾಜ್-ಯ, ರಸ್-ತೆ, ಸಾ-ರಿ-ಗೆ. ನಿಂತ ಬಸ್ಸುಗಳ ನಡುವೆ ಅವಳು ಕೈ ತಟ್ಟುತ್ತ ಓದುತ್ತಿದ್ದರೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರು ತಾವೂ ಮೆಲ್ಲಗೆ ಸೇರಿಕೊಂಡರು.

ಬಿಡಿಸುವುದು ಅರ್ಧ ಕೆಲಸ. ಬಿಡಿಸಿದ್ದನ್ನು ಮಾತಿನ ವೇಗಕ್ಕೆ ತಂದು ಜೋಡಿಸಿದಾಗಲೇ ಪದ ಹುಟ್ಟುವುದು. ತುಣುಕುಗಳ ನಡುವೆ ಬಿಡುವು ಜಾಸ್ತಿಯಾದರೆ ಮೊದಲನೆಯದು ಮರೆತುಹೋಗಿ ಮಗು ಕೊನೆಯ ತುಣುಕನ್ನಷ್ಟೇ ಹಿಡಿದುಕೊಂಡಿರುತ್ತದೆ. ಈ ಕಾರಣಕ್ಕೇ ಕಾಗುಣಿತದ ಹೆಸರು ಹೇಳಿ ಓದಿಸುವ ಪದ್ಧತಿ ನನಗೆ ಓದಿಗೆ ಸರಿ ಕಾಣುವುದಿಲ್ಲ. ಕ ಕೊಂಬು ಕು, ಕ ಕೊಂಬಿನ ದೀರ್ಘ ಕೂ, ಣಕ್ಕೆ ಣ ಒತ್ತು: ಬರೆಯುವುದಕ್ಕೆ ಇದು ಬೇಕು, ಕೈಗೆ ಇದರಿಂದ ಶಿಸ್ತು ಬರುತ್ತದೆ. ಓದುವಾಗ ಇದೇ ಮಗುವಿನ ಮತ್ತು ಪದದ ನಡುವೆ ಬಂದು ನಿಲ್ಲುತ್ತದೆ. ಎರಡಕ್ಷರದ ಪದಕ್ಕೆ ಅಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅದು ಯಾವ ಪದ ಎಂಬುದು ಕೈಬಿಟ್ಟು ಹೋಗಿರುತ್ತದೆ.

ಅವಳ ನೋಟ್‌ಬುಕ್ಕಿನಲ್ಲಿ ಒಂದು ಕಡೆ ಕೆಂಪು ಗೀಟು ಬಿದ್ದಿತ್ತು. ಪದ ಬಿಡಿಸಿ ಬರೆಯಿರಿ ಎಂಬ ಅಭ್ಯಾಸದಲ್ಲಿ ಅವಳು ಕಣ್-ಣು ಎಂದು ಬರೆದಿದ್ದಳು, ಶಿಕ್ಷಕರು ಅದನ್ನು ಹೊಡೆದು ಕ-ಣ್ಣು ಎಂದು ತಿದ್ದಿದ್ದರು. ನನಗೆ ಬೇಸರವಾಯಿತು. ಆದರೂ ಶಿಕ್ಷಕರು ಬರೆದದ್ದು ತಪ್ಪಲ್ಲ. ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದರೆ ಅಚ್ಚಿನವರು ಕ-ಣ್ಣು ಎಂದೇ ಮುರಿಯುತ್ತಾರೆ, ಒತ್ತನ್ನು ಅದರ ಅಕ್ಷರದಿಂದ ಎಂದೂ ಬೇರೆ ಮಾಡುವುದಿಲ್ಲ. ಕೈಗೆ ಒಂದು ಲೆಕ್ಕ, ಬಾಯಿಗೆ ಇನ್ನೊಂದು. ಎರಡರಲ್ಲೂ ಸಂಖ್ಯೆ ಎರಡೇ, ಗಡಿ ಮಾತ್ರ ಬೇರೆ. ಪುಟ್ಟಿಗೆ ಇದನ್ನು ಹೀಗೆಯೇ ಹೇಳಿದೆ, ಅವಳಿಗೆ ಅರ್ಥವೂ ಆಯಿತು. ಈಗ "ಬರೆಯೋ ಹಂಗಾ, ಹೇಳೋ ಹಂಗಾ?" ಎಂದು ಮೊದಲೇ ಕೇಳಿಕೊಳ್ಳುತ್ತಾಳೆ. ಕಿವಿಯಿಂದ ಕೇಳಿ ಬರೆದ ಉತ್ತರಕ್ಕೆ ಕೆಂಪು ಗೀಟು ಹಾಕುವ ಮೊದಲು "ಹೇಗೆ ಬಿಡಿಸಿದೆ, ಹೇಳು" ಎಂದು ಮಗುವನ್ನೊಮ್ಮೆ ಕೇಳಿದರೆ ಎಷ್ಟು ಒಳ್ಳೆಯದು!

ಪದದ ಮೊದಲಿಗೇ ಒತ್ತಕ್ಷರ ಬಂದಾಗ ಆತುಕೊಳ್ಳಲು ಹಿಂದೆ ಸ್ವರವೇ ಇರುವುದಿಲ್ಲ. ಸ್ಕೂಲು, ಪ್ರೀತಿ, ಶ್ರೀ. ನಮ್ಮ ಹಳ್ಳಿಗಳ ಬಾಯಿ ಇದಕ್ಕೆ ಎರಡು ದಾರಿ ಕಂಡುಕೊಂಡಿದೆ. ಒಂದು, ಮುಂದೆ ಒಂದು ಸ್ವರ ಇಟ್ಟುಕೊಳ್ಳುವುದು: ಇಸ್-ಕೂ-ಲು. ಇನ್ನೊಂದು, ನಡುವೆ ಸ್ವರ ತುಂಬುವುದು: ಪಿ-ರೀ-ತಿ. ಇವನ್ನು ಕೇಳಿ ನಗುವವರು ತದ್ಭವಗಳನ್ನು ನೆನಪು ಮಾಡಿಕೊಳ್ಳಬೇಕು. ಶ್ರೀ ಸಿರಿಯಾದದ್ದು, ಭಕ್ತಿ ಬಕುತಿಯಾದದ್ದು, ಪದ್ಮ ಪದುಮವಾದದ್ದು, ವರ್ಷ ವರುಷವಾದದ್ದು ಇದೇ ದಾರಿಯಲ್ಲಿ. ನಮ್ಮ ವಚನಕಾರರೂ ದಾಸರೂ ಅವನ್ನು ಆದರದಿಂದ ಬಳಸಿದ್ದಾರೆ. ಪುಟ್ಟಿ ವರ್ಷ ಎಂಬುದನ್ನು ವರುಷ ಎಂದು ಓದಿದಾಗ ನಾನು ಅಲ್ಲೇ ತಡೆಯಲಿಲ್ಲ. ಪದ ಗೊತ್ತಾಗಿದೆ, ಅರ್ಥ ಗೊತ್ತಾಗಿದೆ. ಪುಟ ಮುಗಿದ ಮೇಲೆ ಹಿಂದಕ್ಕೆ ಬಂದು ವರ್-ಷ ಎಂದು ಒಮ್ಮೆ ತಟ್ಟಿ ತೋರಿಸಿದೆ. ನಡುವೆ ತಡೆದು ತಿದ್ದುತ್ತ ಹೋದರೆ ಮಗುವಿಗೆ ಕತೆ ಸಿಗುವುದಿಲ್ಲ, ಕತೆ ಸಿಗದಿದ್ದರೆ ನಾಳೆ ಪುಸ್ತಕ ಹಿಡಿಯುವುದಿಲ್ಲ.

ಮನೆಮಾತು ಮತ್ತು ಪುಸ್ತಕದ ಮಾತಿನ ಅಂತರವೂ ಇಲ್ಲಿ ಅಡ್ಡ ಬರುತ್ತದೆ. ಪುಸ್ತಕದಲ್ಲಿ ಬ-ರುತ್-ತಾ-ನೆ ಎಂದು ನಾಲ್ಕು ತುಣುಕು, ಮನೆಯಲ್ಲಿ ಬರ್-ತಾ-ನೆ ಎಂದು ಮೂರು. ಮಗು ಮೂರು ಸಲ ತಟ್ಟಿ ಬರ್ತಾನೆ ಎಂದು ಓದಿದರೆ ಅದು ಅರ್ಥ ಹಿಡಿದು ಓದುತ್ತಿದೆ ಎಂದೇ ನಾನು ತಿಳಿಯುತ್ತೇನೆ.

ಇಷ್ಟೆಲ್ಲ ಮಾಡಿದರೂ ಕೆಲವು ಮಕ್ಕಳಿಗೆ ತುಣುಕುಗಳು ಕಿವಿಗೆ ಬೀಳುವುದೇ ಇಲ್ಲ. ಕೈ ತಟ್ಟುವ ಆಟದಲ್ಲೂ ತಾಳ ತಪ್ಪುತ್ತದೆ, ಓದಿದ್ದು ಮರುದಿನಕ್ಕೆ ಉಳಿಯುವುದಿಲ್ಲ. ಅಂಥ ಮಗುವನ್ನು ಸೋಮಾರಿ ಎಂದು ಬೈಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಕಲಿಕೆಯ ತೊಂದರೆ ಗುರುತಿಸಬಲ್ಲವರನ್ನು ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡದ ಮಕ್ಕಳನ್ನು ಕನ್ನಡದಲ್ಲೇ ನೋಡುವವರಿದ್ದಾರೆ.

ಕೊನೆಯದಾಗಿ ಉದ್ದ ಪದಗಳು. ಒತ್ತಕ್ಷರದ ಗುಟ್ಟು ತಿಳಿದ ಮೇಲೆ ಪುಟ್ಟಿ ಒಂದು ಕತೆ ಪುಸ್ತಕ ಹಿಡಿದಳು. ಮೊದಲ ಸಾಲು: ಕಾಡಿನಲ್ಲೊಂದು ಸಿಂಹವಿತ್ತು. ಕಾ-ಡಿ-ನಲ್-ಲೊಂ-ದು ಎಂದು ಸರಿಯಾಗಿಯೇ ಬಿಡಿಸಿ ಓದಿ, "ಲೊಂದು ಅಂದ್ರೆ ಏನು?" ಎಂದು ಕೇಳಿದಳು. ಅವಳು ಕೇಳಿದ್ದು ನ್ಯಾಯವೇ. ಕಾಡಿನಲ್ಲಿ, ಒಂದು ಎಂಬ ಎರಡು ಪದಗಳು ಸೇರಿದಾಗ ಲ್ಲಿಯ ಇ ಬಿದ್ದುಹೋಗಿ ಅದರ ಜಾಗಕ್ಕೆ ಒ ಬಂದು ಕೂತಿದೆ. ಲೊಂ ಎಂಬ ತುಣುಕಿನಲ್ಲಿ ಅರ್ಧ ಈ ಪದದ್ದು, ಅರ್ಧ ಆ ಪದದ್ದು. ಕಿವಿಗೆ ಸರಿಯಾಗಿ ಬಿಡಿಸಿದರೆ ಅರ್ಥ ಒಡೆಯುತ್ತದೆ, ಅರ್ಥಕ್ಕೆ ಸರಿಯಾಗಿ ಬಿಡಿಸಿದರೆ ಕಿವಿಗೆ ಕೇಳುವುದು ಬದಲಾಗುತ್ತದೆ. ಸಂಧಿಯ ಚೆಂದ ನನಗೂ ಇಷ್ಟ. ಆದರೆ ಆಗತಾನೇ ಒತ್ತಕ್ಷರ ದಾಟಿ ಬಂದ ಮಗುವಿನ ಮುಂದೆ ಮೊದಲ ಸಾಲಿನಲ್ಲೇ ಅದನ್ನು ಇಡುವುದು ಯಾಕೆ? ಕಾಡಿನಲ್ಲಿ ಒಂದು ಸಿಂಹ ಇತ್ತು ಎಂದರೆ ಕತೆಗೆ ಏನೂ ಕೊರತೆಯಾಗುವುದಿಲ್ಲ. ಮೊದಲೆರಡು ತರಗತಿಯ ಮಕ್ಕಳಿಗೆ ಬರೆಯುವವರು, ಅಚ್ಚು ಹಾಕುವವರು ಪದಗಳ ನಡುವೆ ಜಾಗ ಬಿಡಲಿ. ಸೇರಿಸಿ ಬರೆದ ಪದಗಳನ್ನು ಮೂರನೇ ತರಗತಿಯಿಂದ ಒಂದೊಂದಾಗಿ ತರಲಿ. ಅಲ್ಲಿಯವರೆಗೆ ಪುಟ್ಟಿಯ ಪುಸ್ತಕಗಳಲ್ಲಿ ಎರಡು ಪದ ಸೇರಿದ ಕಡೆ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಡುತ್ತಿದ್ದೇನೆ, ಪಕ್ಕದ ಅಂಚಿನಲ್ಲಿ ಎರಡೂ ಪದಗಳನ್ನು ಬಿಡಿಸಿ ಬರೆದು.